ಬಾವಿಗೆ ಇಳಿಸಿದ ಕಾಲು

ಒಂದು ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ಮಾಳಿಗೆಯ ಜಂತಿಗಳನ್ನು ಎಣಿಸುತ್ತ ಮಲಗಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಜಂತಿ ಎಷ್ಟೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಹದಿಮೂರಿದ್ದವು, ಏಳನೆಯದಕ್ಕೆ ಗೆದ್ದಲು ಹಿಡಿದಿತ್ತು. ನಾರುಹುಣ್ಣು ಆದವನನ್ನು ನೋವಿಗಿಂತ ಹೆಚ್ಚು ಕಾಡುವುದು ನಾಚಿಕೆ. ನನ್ನ ಕಾಲೊಳಗಿನಿಂದ ದಾರದಂಥ ಹುಳವೊಂದು ಹೊರಗೆ ಬರುತ್ತಿದೆ ಎಂದು ಯಾರ ಮುಂದೆ ಹೇಳಿಕೊಳ್ಳುವುದು? ಅದು ಆಗಿ ಈಗ ಇಪ್ಪತ್ತು ವರ್ಷದ ಮೇಲಾಯಿತು. ಎಡಗಾಲಿನ ಹರಡಿನ ಕೀಲು ಪೂರ್ತಿ ಮಡಚುವುದಿಲ್ಲ, ಏರು ಹತ್ತುವಾಗ ಒಂದು ಮಾತು ಬೈದುಕೊಂಡೇ ಹತ್ತುತ್ತೇನೆ. ಆದರೂ ನಡೆಯುತ್ತೇನೆ. ಮಲಗಿದವರಿಗೆ ಮೊದಲು ಬೇಕಾದ ಸುದ್ದಿ ಅದೇ ಎಂದು ಅದನ್ನೇ ಮೊದಲು ಹೇಳಿದೆ.

ನಾನು ಕಿತ್ತೂರು ಕಡೆಯವನು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಧಾರವಾಡದಲ್ಲಿ ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿದ ಮೇಲೆ ನನ್ನನ್ನು ಸವದತ್ತಿಯಿಂದ ಕಟಕೋಳದ ಕಡೆ ಹೋಗುವ ದಾರಿಯಿಂದ ಒಳಗಿದ್ದ ಒಂದು ಹಳ್ಳಿಯ ಕನ್ನಡ ಶಾಲೆಗೆ ಹಾಕಿದರು. ಊರಿನ ಹೆಸರು ಬರೆಯುವುದಿಲ್ಲ. ಇಲ್ಲಿ ಬರುವ ತಪ್ಪು ಮುಖ್ಯವಾಗಿ ನನ್ನದು, ಊರಿನ ಹೆಸರನ್ನು ಅದಕ್ಕೆ ಅಂಟಿಸುವುದು ನ್ಯಾಯವಲ್ಲ. ಹೆಂಡತಿ ನೀಲವ್ವ, ಏಳು ವರ್ಷದ ಮಗಳು ಕಾಶಿ, ನಾನು, ಮೂವರೇ. ಕಾಶಿ ನನ್ನ ಶಾಲೆಯಲ್ಲಿಯೇ ಕುಳಿತು ಓದುತ್ತಿದ್ದಳು. ಆಗ ನನಗೆ ಮೂವತ್ತು ತುಂಬಿರಲಿಲ್ಲ. ಊರಿನಲ್ಲಿ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ ಎಂದು ನನಗೆ ಖಾತ್ರಿಯಿತ್ತು, ಸುಳ್ಳು ಹೇಳಿದ ಹುಡುಗನನ್ನು ನಾನು ಎಂದೂ ಕ್ಷಮಿಸುತ್ತಿರಲಿಲ್ಲ.

ಊರಿಗೆ ಸಿಹಿನೀರಿನ ಬಾವಿ ಒಂದೇ. ಮೂರು ಕಡೆ ಕಲ್ಲಿನ ಗೋಡೆ, ಒಂದು ಕಡೆ ಮೆಟ್ಟಿಲು. ಹೆಂಗಸರು ಮೆಟ್ಟಿಲಿಳಿದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಕೊಡ ತುಂಬಿಕೊಂಡು ಬರುತ್ತಿದ್ದರು. ಕೆಳಗೇರಿಯ ಹೆಂಗಸರಿಗೆ ಮಾತ್ರ ಇಳಿಯುವ ಹಾಗಿರಲಿಲ್ಲ. ಅವರು ಮೇಲೆ ಕೊಡವಿಟ್ಟು ದೂರ ನಿಲ್ಲಬೇಕು, ಯಾರಿಗಾದರೂ ಮನಸ್ಸು ಬಂದರೆ ತಮ್ಮ ಕೊಡದಿಂದ ಎತ್ತಿ ಸುರಿಯಬೇಕು. ಅವರು ಮುಟ್ಟಿದರೆ ನೀರು ಮೈಲಿಗೆ ಎನ್ನುವುದು ಊರಿನ ನಂಬಿಕೆ. ನಾನು ಅದನ್ನು ಮನಸ್ಸಿನಲ್ಲಿ ಒಪ್ಪಿರಲಿಲ್ಲ, ಬಾಯಿ ಬಿಟ್ಟು ಬೇಡವೆಂದವನೂ ಅಲ್ಲ.

ನಮ್ಮ ಪಕ್ಕದ ಮನೆ ಜೈನರದು. ಆ ಮನೆಯ ಹಿರಿಯಳು ಪದ್ಮವ್ವ. ಮಗ, ಸೊಸೆ, ಮೊಮ್ಮಕ್ಕಳ ತುಂಬು ಸಂಸಾರ, ಆದರೆ ನೀರಿನ ಕೆಲಸವನ್ನು ಮಾತ್ರ ಪದ್ಮವ್ವ ಬೇರೆ ಯಾರ ಕೈಗೂ ಬಿಡುತ್ತಿರಲಿಲ್ಲ. ಕೊಡದ ಬಾಯಿಗೆ ಬಿಳಿಯ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸಿ, ನೀರನ್ನು ನಿಧಾನವಾಗಿ ಅದರ ಮೂಲಕ ಸೋಸುವರು. ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಸೋಸಿದ ಬಟ್ಟೆಯನ್ನು ತಿರುವಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಹೊಯ್ದು, ಆ ತೊಳೆದ ನೀರನ್ನು ಸಣ್ಣ ತಂಬಿಗೆಯಲ್ಲಿ ಹಿಡಿದು, ಮತ್ತೆ ನಲವತ್ತು ಮೆಟ್ಟಿಲಿಳಿದು ಬಾವಿಗೇ ಬಿಟ್ಟು ಬರುವರು. ಬಟ್ಟೆಯಲ್ಲಿ ಸಿಕ್ಕ ಜೀವಗಳು ತಮ್ಮ ಮನೆಗೆ ತಾವು ಹೋಗಲಿ ಎಂದು. ನನಗೆ ಇದನ್ನು ಕಂಡರೆ ನಗು.

ನಾವು ಆ ಊರಿಗೆ ಬಂದ ಎರಡನೆಯ ಬೇಸಿಗೆಯಲ್ಲಿ ಒಂದು ದಿನ ತಡೆಯದೆ ಕೇಳಿಯೇಬಿಟ್ಟೆ. "ಆಯೀ, ನೀರೇನೋ ಸೋಸಿದ್ರಿ. ಇನ್ನ ಗಾಳೀನೂ ಸೋಸಿ ಉಸರಾಡ್ತೀರೇನು?"

ಪದ್ಮವ್ವ ಸಿಟ್ಟಾಗಲಿಲ್ಲ. "ಆಗೂದಿದ್ರ ಅದನ್ನೂ ಮಾಡತಿದ್ದೆ ಮಾಸ್ತರ. ನಮ್ಮ ಕಣ್ಣಿಗೆ ಕಾಣೂದಿಲ್ಲ ಅಂದ್ರ, ಅವು ಇಲ್ಲ ಅಂದಂಗ ಏನು?"

ಅವರು ತಂಬಿಗೆ ಹಿಡಿದು ಬಾವಿಯ ಕಡೆ ಹೋದರು. ನಾನು ನೀಲವ್ವನ ಕಡೆ ತಿರುಗಿ ಕಣ್ಣು ಮಿಟುಕಿಸಿದೆ. ನೀಲವ್ವ ನಗಲಿಲ್ಲ.

ನನ್ನ ಕಾಲು ಸುರುವಾದದ್ದು ಅದೇ ಬೇಸಿಗೆಯಲ್ಲಿ. ಮೊದಲು ಎರಡು ದಿನ ಮೈತುಂಬ ಕಡಿತ, ಸಣ್ಣ ಜ್ವರ. ಆಮೇಲೆ ಎಡಗಾಲಿನ ಹರಡಿನ ಮೇಲೆ ಒಂದು ಗುಳ್ಳೆ ಎದ್ದಿತು. ಯಾವುದೋ ಹುಳ ಕಚ್ಚಿದೆ ಎಂದುಕೊಂಡೆ. ನೀಲವ್ವ ಅರಿಶಿನ ಸುಣ್ಣ ಕಲೆಸಿ ಹಚ್ಚಿದಳು. ಗುಳ್ಳೆ ಅಡಿಕೆಯಷ್ಟಾಯಿತು, ಉರಿ ತಡೆಯದಾಯಿತು. ಕೆಂಡದ ಮೇಲೆ ಕಾಲಿಟ್ಟು ಮತ್ತೆ ಎತ್ತಲು ಬಿಡದಂತೆ ಯಾರೋ ಒತ್ತಿ ಹಿಡಿದ ಹಾಗಿತ್ತು. ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದವನು ನಡುವೆಯೇ ನಿಲ್ಲಿಸಿ ಹಲ್ಲು ಕಚ್ಚುತ್ತಿದ್ದೆ.

ಮಧ್ಯಾಹ್ನದ ಬಿಸಿಲಿನಲ್ಲಿ ಬಾವಿಯ ಕಡೆ ಯಾರೂ ಸುಳಿಯುವುದಿಲ್ಲ. ಶಾಲೆ ಬಿಟ್ಟವನು ನೇರವಾಗಿ ಅಲ್ಲಿಗೆ ಹೋದೆ. ಕೊನೆಯ ಮೆಟ್ಟಿಲ ಮೇಲೆ ಕುಳಿತು ಕಾಲನ್ನು ನೀರಿಗೆ ಇಳಿಸಿದೆ. ಆ ತಂಪು ಎಂಥದೆಂದು ಆ ಉರಿ ಉಂಡವರಿಗೆ ಮಾತ್ರ ಗೊತ್ತು. ಕಣ್ಣಲ್ಲಿ ನೀರು ಬಂತು. ನೋಡುತ್ತಿದ್ದಂತೆ ಗುಳ್ಳೆ ಒಡೆದು, ಹಾಲಿನಂಥ ಬಿಳಿಯದೇನೋ ಹೊರಬಂದು ನೀರಿನಲ್ಲಿ ಹರಡಿಕೊಂಡು ಕರಗಿತು. ಒಳಗಿನ ಕೆಟ್ಟದ್ದು ಹೊರಗೆ ಹೋಯಿತು ಎಂದು ನನಗೆ ಹಿಗ್ಗೋ ಹಿಗ್ಗು. ಮರುದಿನವೂ ಹೋದೆ. ಹೀಗೆ ಐದು ದಿನ. ಕುಡಿಯುವ ನೀರಿನಲ್ಲಿ ಹುಣ್ಣಿನ ಕಾಲು ಇಳಿಸುವುದು ಸರಿಯಲ್ಲ ಎಂಬ ಮಾತು ತಲೆಗೆ ಬರಲಿಲ್ಲವೆಂದಲ್ಲ. ಬಂತು, ಅದಕ್ಕೇ ಯಾರೂ ಇಲ್ಲದ ಹೊತ್ತು ನೋಡಿ ಹೋಗುತ್ತಿದ್ದೆ.

ಆರನೆಯ ದಿನ ಹುಣ್ಣಿನ ಬಾಯಲ್ಲಿ ಬಿಳಿಯ ಎಳೆಯ ತುದಿಯೊಂದು ಕಾಣಿಸಿತು. ನೀಲವ್ವ ಹೆದರಿ ಇಮಾಮಸಾಬರನ್ನು ಕರೆತಂದಳು. ಇಮಾಮಸಾಬರು ಪಿಂಜಾರರು, ಅರಳೆ ಹಿಂಜಿ ಗಾದಿ ತುಂಬುವುದು ಅವರ ಕಸುಬು. ಬೈಲಹೊಂಗಲದ ಪೇಟೆಯಿಂದ ಅರಳೆ ತರುವರು. ಊರಿನಲ್ಲಿ ಯಾರಿಗೆ ನಾರು ಕಂಡರೂ ಅದನ್ನು ಸುತ್ತಿ ತೆಗೆಯುವವರು ಅವರೇ, ಅದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬಗ್ಗಿ ನೋಡಿದರು.

"ನಾರು ಬಂದೈತ್ರಿ ಮಾಸ್ತರ. ಹೆದರಬ್ಯಾಡ್ರಿ. ಈ ಊರಿನ ನೀರು ಕುಡದವ್ರಿಗೆ ಇದು ಕೊಟ್ಟ ಮಗಳಿದ್ದಂಗ, ಬ್ಯಾಸಗ್ಯಾಗ ತವರಿಗೆ ಬರತಾಳ."

"ಇದು ಕೆಟ್ಟ ನರ ಅಲ್ಲೇನು?" ಎಂದು ಕೇಳಿದೆ. ನನಗೆ ಗೊತ್ತಿದ್ದದ್ದು ಅಷ್ಟೇ.

"ನರಾ ಅಲ್ರಿ, ಜೀವ. ಒಂದ ಮೊಳಾ ಇರತೈತಿ, ಒಮ್ಮೊಮ್ಮೆ ಎರಡು."

ಇಮಾಮಸಾಬರು ಒಂದು ತೆಳ್ಳನೆಯ ಕಡ್ಡಿಗೆ ಅರಳೆ ಸುತ್ತಿ, ಆ ತುದಿಯನ್ನು ಅದಕ್ಕೆ ತಗುಲಿಸಿ, ತಂಪು ನೀರು ಹನಿಸುತ್ತ ಅರ್ಧ ಸುತ್ತು ಸುತ್ತಿದರು. ಎಳೆ ಬಿಗಿಯಾಯಿತು ಎನಿಸಿದ ಕೂಡಲೇ ನಿಲ್ಲಿಸಿ, ಕಡ್ಡಿಯನ್ನು ಕಾಲಿಗೇ ಕಟ್ಟಿ, ನಾಳೆ ಬರುವುದಾಗಿ ಹೇಳಿ ಎದ್ದರು. ದಿನಕ್ಕೆ ಒಂದು ಬೆರಳಷ್ಟು ಬಂದರೆ ಹೆಚ್ಚು. ಎಷ್ಟು ದಿನ ಎಂದು ಕೇಳಿದೆ. "ಅದಕ್ಕ ಗೊತ್ತು. ನಾನೂ ನೀವೂ ಕಾಯೂದ," ಎಂದರು. ಜಗ್ಗಿದರೆ ಹರಿಯುತ್ತದೆ, ಹರಿದರೆ ಉಳಿದದ್ದು ಒಳಗೇ ಕೊಳೆತು ಕಾಲು ಹೋಗುತ್ತದೆ ಎಂದೂ ಎಚ್ಚರಿಸಿದರು.

ಆ ಮನುಷ್ಯ ಎಂಟು ದಿನ ಒಂದೇ ಸಮಯಕ್ಕೆ ಬಂದರು. ಅವರ ಬೆರಳುಗಳನ್ನು ನೋಡುವುದೇ ನನಗೊಂದು ಬೆರಗು. ಅರಳೆ ಹಿಂಜುವ ಬಿಲ್ಲಿನ ಹೆದೆ ಮೀಟಿ ಮೀಟಿ ಗಟ್ಟಿಯಾದ ದೊಡ್ಡ ಬೆರಳುಗಳು ಅವು. ಆ ಎಳೆಯನ್ನು ಮುಟ್ಟುವಾಗ ಮಾತ್ರ ಕೂಸಿನ ಕಣ್ಣಿನ ಪಿಸುರು ತೆಗೆಯುವಷ್ಟು ಹಗುರಾಗುತ್ತಿದ್ದವು.

ಒಂಬತ್ತನೆಯ ದಿನ ನಾನು ಕೆಡಿಸಿದೆ. ಮರುದಿನ ಶಾಲೆಯ ತಪಾಸಣೆಗೆ ಸಾಹೇಬರು ಬರುವವರಿದ್ದರು. ಕಾಲಿಗೆ ಕಡ್ಡಿ ಕಟ್ಟಿಕೊಂಡು ಕುಂಟುವ ಮಾಸ್ತರನನ್ನು ಅವರು ನೋಡಬಾರದು ಎನ್ನುವುದೊಂದೇ ನನ್ನ ಚಿಂತೆ. ನೀಲವ್ವ ಹಿತ್ತಲಲ್ಲಿದ್ದಾಗ ಕಡ್ಡಿ ಹಿಡಿದು ನಾನೇ ಸುತ್ತಿದೆ. ಒಂದು ಸುತ್ತು ಬಂತು. ಇನ್ನೊಂದು ಬಂತು. ಇಷ್ಟು ಸುಲಭದ ಕೆಲಸಕ್ಕೆ ಇಮಾಮಸಾಬರು ಎಂಟು ದಿನ ಹಿಡಿದರಲ್ಲ ಎನಿಸಿ ಜಗ್ಗಿದೆ. ಕಡ್ಡಿ ಕೈಗೆ ಬಂತು, ಅದರ ತುದಿಯಲ್ಲಿ ಹರಿದ ಎಳೆ ತೂಗುತ್ತಿತ್ತು.

ಮರುದಿನ ಬೆಳಿಗ್ಗೆ ಇಮಾಮಸಾಬರು ಬಂದು ನೋಡಿ, ಕಡ್ಡಿಯನ್ನು ಬೆಳಕಿಗೆ ಹಿಡಿದರು. ಆಮೇಲೆ ಕೇಳಿದರು. "ಜಗ್ಗಿದ್ರೇನು?"

"ಇಲ್ರಿ. ತಾನ ಹರೀತು."

ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಅಷ್ಟೇ.

ಮೂರು ದಿನದಲ್ಲಿ ಕಾಲು ಮೊಣಕಾಲಿನವರೆಗೆ ಬಾತು ಕಪ್ಪಾಯಿತು. ಜ್ವರದಲ್ಲಿ ಬಡಬಡಿಸಿದೆನಂತೆ. ಗೌಡರು ತಮ್ಮ ಚಕ್ಕಡಿ ಕೊಟ್ಟರು. ಸವದತ್ತಿಯ ದವಾಖಾನೆಗೆ ಹೊರಟಾಗ ನೀಲವ್ವ ಮನೆಯ ನೀರಿನ ಗಡಿಗೆಯನ್ನು ಗಾಡಿಯಲ್ಲಿಟ್ಟಳು. ಪದ್ಮವ್ವ ಓಡಿ ಬಂದು ಬಾಯಿಗೆ ಬಟ್ಟೆ ಕಟ್ಟಿದ ಒಂದು ಹಿತ್ತಾಳೆಯ ತಂಬಿಗೆಯನ್ನೂ ಕೊಟ್ಟರು. "ಜಡ್ಡಾದವ್ರು ಸೋಸಿದ್ದ ಕುಡೀಬೇಕವ್ವ," ಎಂದು ನೀಲವ್ವನಿಗೆ ಹೇಳಿದರು. ಕಾಶಿಯನ್ನು ಅವರ ಮಡಿಲಿಗೆ ಬಿಟ್ಟು ಹೊರಟೆವು. ಗಾಡಿ ತಿರುಗುವವರೆಗೂ ಅವಳು ಅಳಲಿಲ್ಲ, ತಿರುಗಿದ ಮೇಲೆ ಅವಳ ದನಿ ಕೇಳಿಸಿತು.

ದವಾಖಾನೆಯ ಪಡಸಾಲೆಯಲ್ಲಿ ನೆಲದ ಮೇಲೆ ಸಾಲಾಗಿ ಮಲಗಿದವರು, ಕುಳಿತವರು. ಎಲ್ಲಮ್ಮನ ಗುಡ್ಡಕ್ಕೆ ನಡೆದು ಬಂದು ಕಾಲು ಒಡೆದವರು, ಎತ್ತು ಹಾಯ್ದವನು, ಹಾಲು ಕುಡಿಯದ ಕೂಸನ್ನು ಹೊತ್ತ ತಾಯಿ. ಗುರುತಿಲ್ಲದ ಮುದುಕಿಯೊಬ್ಬಳು ನನ್ನ ಪಕ್ಕ ಕುಳಿತು, ಕೇಳದೆಯೇ ತನ್ನ ಸೆರಗಿನಿಂದ ನನ್ನ ಕಾಲಿನ ನೊಣ ಓಡಿಸತೊಡಗಿದಳು. ತನ್ನ ಸರದಿ ಬಂದಾಗ ಎದ್ದು ಹೋದಳು. ಅವಳಿಗೇನಾಗಿತ್ತು ಎಂದು ಕೇಳುವಷ್ಟು ಮನುಷ್ಯತ್ವವೂ ಆ ಹೊತ್ತು ನನ್ನಲ್ಲಿ ಉಳಿದಿರಲಿಲ್ಲ. ಇಂದಿಗೂ ಅದಕ್ಕೆ ನಾಚುತ್ತೇನೆ.

ಡಾಕ್ಟರರು ಕಡಿಮೆ ಮಾತಿನವರು. ಕಾಲು ಒತ್ತಿ ನೋಡಿ, ನೀಲವ್ವನಿಗೆ ಹೇಳಿದರು. "ಕೀವು ತೆಗೀತೇನಿ. ಎರಡ ದಿನದಾಗ ಬಾವು ಇಳೀಲಿಲ್ಲಂದ್ರ ಕಾಲು ತೆಗೀಬೇಕಾಗತದ."

ನೀಲವ್ವ ಅತ್ತಾಳೆಂದುಕೊಂಡೆ. ಅವಳು, "ಮನಶ್ಯಾ ಉಳಿದ್ರ ಸಾಕ್ರಿ," ಎಂದಳು. ಆ ಮಾತಿನಿಂದ ನನಗೆ ಧೈರ್ಯ ಬರಲಿಲ್ಲ, ಹೆದರಿಕೆಯೇ ಬಂತು. ಒಂಟಿ ಕಾಲಿನ ಮಾಸ್ತರನನ್ನು ಮನಸ್ಸಿನಲ್ಲಿ ಕಂಡು ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಮೂರನೆಯ ದಿನ ಹೆಬ್ಬೆರಳು ಕಂಡಿತು. ಊತದಲ್ಲಿ ಮುಳುಗಿ ಹೋಗಿದ್ದ ನನ್ನದೇ ಹೆಬ್ಬೆರಳು, ಉಗುರಿನ ಸಮೇತ. ಎಂದೂ ನೋಡದ ವಸ್ತುವನ್ನು ನೋಡುವಂತೆ ಅದನ್ನು ನೋಡಿದೆ. ಕಾಲು ಉಳಿಯಿತು.

ನಾನು ಎದ್ದು ಕೂರುವಂತಾದ ಮೇಲೆ ಒಂದು ಮುಂಜಾನೆ ಡಾಕ್ಟರರು, ಮಾಸ್ತರ ಎಂಬ ಸಲಿಗೆಯಿಂದಲೋ ಏನೋ, ನನ್ನನ್ನು ತಮ್ಮ ಮೇಜಿನ ಹತ್ತಿರ ಕರೆಸಿಕೊಂಡರು. ಮೇಜಿನ ಮೇಲೆ ಹಿತ್ತಾಳೆಯ ಒಂದು ಯಂತ್ರ. ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನು ಎಂದರು. ನಮ್ಮ ಊರಿನ ನೀರು ಉಳಿದಿದೆಯೇ ಎಂದು ಕೇಳಿದರು. ನೀಲವ್ವ ಗಡಿಗೆಯ ತಳದಲ್ಲಿದ್ದದ್ದನ್ನು ಕೊಟ್ಟಳು. ಅವರು ಗಾಜಿನ ಮೇಲೆ ಹನಿಯಿಟ್ಟು, "ನೋಡ್ರಿ," ಎಂದರು.

ಕಣ್ಣಿಟ್ಟೆ. ಮೊದಲು ಬರೀ ಬೆಳಕು. ಆಮೇಲೆ ಆ ಬೆಳಕಿನಲ್ಲಿ ಒಂದು ಪ್ರಾಣಿ ಚಂಗನೆ ಜಿಗಿಯಿತು. ಮೈ ಗಾಜಿನಂತೆ ಪಾರದರ್ಶಕ, ಹಣೆಯ ನಡುವೆ ಒಂದೇ ಕಣ್ಣು, ಹಿಂದೆ ಎರಡೂ ಕಡೆ ಮೊಟ್ಟೆಯ ಚೀಲ. ಒಳಗೆ ಅದರ ಕರುಳು ಮಿಡಿಯುವುದು ಕಾಣುತ್ತಿತ್ತು. ಒಂದು ಹನಿಯಲ್ಲಿ! ಹುಟ್ಟಿದಂದಿನಿಂದ ನಾನು ಕುಡಿದ ನೀರಿನಲ್ಲಿ ಇಂಥವು ಈಜುತ್ತಿದ್ದವು, ಮೊಟ್ಟೆ ಹೊತ್ತು ತಿರುಗುತ್ತಿದ್ದವು, ತಮ್ಮ ಒಂದು ಕಣ್ಣಿನಿಂದ ಏನನ್ನೋ ನೋಡುತ್ತಿದ್ದವು. ನಾನು ಇದ್ಯಾವುದನ್ನೂ ಅರಿಯದೆ ತಿಳಿದವನೆಂದು ಮೆರೆದಿದ್ದೆ. ಎಷ್ಟು ಹೊತ್ತು ನೋಡಿದೆನೋ, ಡಾಕ್ಟರರೇ ಭುಜ ಮುಟ್ಟಿ ಎಬ್ಬಿಸಬೇಕಾಯಿತು.

ತಂಬಿಗೆಯಲ್ಲಿ ತಳಕ್ಕೆ ಉಳಿದಿದ್ದ ಪದ್ಮವ್ವನ ನೀರನ್ನೂ ಇಟ್ಟು ನೋಡಿದರು. ಮೂರು ಹನಿ ನೋಡಿದರು. ಬರೀ ನೀರು.

"ಇದನ್ನ ಸೋಸಿದವ್ರು ಯಾರು?" ಎಂದು ಕೇಳಿದರು. ನೀಲವ್ವ ಹೇಳಿದಳು. ಡಾಕ್ಟರರು, ಈಚೆಗೆ ತಿಳಿದುಬಂದ ಸಂಗತಿ ಎಂದು ಹೇಳತೊಡಗಿದರು. ನಾರುಹುಣ್ಣಿನ ಕಾಲು ನೀರು ಮುಟ್ಟಿದಾಗ ಹುಳ ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ, ಹಾಲು ಚೆಲ್ಲಿದಂತೆ. ಅವುಗಳನ್ನು ಈ ಒಕ್ಕಣ್ಣಿನ ಪ್ರಾಣಿ ನುಂಗುತ್ತದೆ. ಹದಿನೈದು ದಿನ ಕಳೆದ ಮೇಲೆ ಆ ನೀರು ಕುಡಿದವರ ಮೈಯೊಳಗೆ ಹುಳ ಸೇರುತ್ತದೆ. ವರ್ಷ ತುಂಬುವಾಗ ಕಾಲಿನಿಂದ ಹೊರಬರುತ್ತದೆ.

"ನೀವು ಬಾವ್ಯಾಗ ಕಾಲು ಇಳಿಸಿರಲಿಲ್ಲ ಹೌದಲ್ರಿ?"

ಆ ಬಿಳಿಯ ಹಾಲು ಕಣ್ಣ ಮುಂದೆ ಬಂತು. ನೀರಿನಲ್ಲಿ ಅದು ಹರಡಿದ ರೀತಿ, ನನ್ನ ಹಿಗ್ಗು.

"ಇಲ್ರಿ," ಎಂದೆ.

ಊರಿಗೆ ಮರಳುವಾಗ ಅರ್ಧ ದಾರಿಯಲ್ಲಿ ನೀಲವ್ವ ಎತ್ತುಗಳ ಕಡೆ ನೋಡುತ್ತ ಹೇಳಿದಳು. "ಆ ಐದ ದಿನಾ ನಿಮ್ಮ ಧೋತರದ ಅಂಚು ಹಸೀ ಇರತಿತ್ತು. ನಾ ಯಾರ ಮುಂದೂ ಹೇಳೂದಿಲ್ಲ. ಹೇಳೂದು ನಿಮ್ಮ ಕೆಲಸ."

ನಾನು ಆ ಕೆಲಸ ಮಾಡಲಿಲ್ಲ. ಹನ್ನೊಂದು ದಿನ ಮಾಡಲಿಲ್ಲ. ಜನರಿಗೆ, ನೀರು ಸೋಸಿ ಕುಡಿಯಿರಿ ಎಂದೆ. ಯಾಕೆ ಎಂದು ಕೇಳಿದರೆ ಡಾಕ್ಟರರು ಹೇಳಿದ್ದಾರೆ ಎಂದೆ. ನಮ್ಮಪ್ಪ, ಅಜ್ಜ ಇದೇ ನೀರು ಕುಡಿದು ಎಂಬತ್ತು ವರ್ಷ ಬದುಕಿದರು ಎಂದು ನಕ್ಕು ಹೋದರು. ನನ್ನ ಮನೆಯ ಗಡಿಗೆಗೆ ಮಾತ್ರ ನೀಲವ್ವ ಪದ್ಮವ್ವನಿಂದ ಬಟ್ಟೆ ತಂದು ಎರಡು ಮಡಿಕೆ ಮಾಡಿ ಕಟ್ಟಿದಳು. ಶಾಲೆಯಲ್ಲಿ ಮಕ್ಕಳಿಗಾಗಿ ನೀರಿನ ಗಡಿಗೆ ಇರುತ್ತಿತ್ತು. ಅದಕ್ಕೆ ನಾನು ಬಟ್ಟೆ ಕಟ್ಟಲಿಲ್ಲ. ಕಟ್ಟಿದರೆ ಮಕ್ಕಳು ಕೇಳುತ್ತಾರೆ, ಮನೆಯಲ್ಲಿ ಹೇಳುತ್ತಾರೆ, ಮಾಸ್ತರನಿಗೆ ಇಷ್ಟು ಅವಸರ ಏಕೆ ಎಂಬ ಮಾತು ಏಳುತ್ತದೆ. ಇದನ್ನು ಬರೆಯುವಾಗಲೂ ಕೈ ಹಿಂದೆ ಬರುತ್ತದೆ, ಆದರೆ ಇದನ್ನು ಬಿಟ್ಟರೆ ಉಳಿದದ್ದನ್ನು ಬರೆದು ಉಪಯೋಗವಿಲ್ಲ.

ಹನ್ನೆರಡನೆಯ ದಿನ ಮಕ್ಕಳು ಆಟದಿಂದ ಬೆವರಿ ಬಂದು ಗಡಿಗೆಯ ಸುತ್ತ ಮುತ್ತಿದರು. ಸಾಲಿನ ಮುಂದೆ ಕಾಶಿ. ಮನೆಯಲ್ಲಿ ಸೋಸಿದ ನೀರು ಕುಡಿಯುವ ನನ್ನ ಮಗಳು ಇಲ್ಲಿ ಬೊಗಸೆ ಒಡ್ಡಿ ಗಟಗಟ ಕುಡಿದಳು. ದಿನವೂ ಕುಡಿಯುತ್ತಿದ್ದಳು, ನಾನು ದಿನವೂ ಅಲ್ಲೇ ಕುಳಿತಿದ್ದೆ, ಅಂದಿನವರೆಗೆ ನೋಡಿರಲಿಲ್ಲ. ಉಳಿದ ಮಕ್ಕಳು ಕುಡಿಯುವುದನ್ನು ನೋಡಿದ್ದೆ, ಎದೆ ತಡೆದುಕೊಂಡಿತ್ತು. ಮಗಳನ್ನು ಕಂಡಾಗ ತಡೆದುಕೊಳ್ಳಲಿಲ್ಲ. ನನ್ನ ನೀತಿಯ ಅಳತೆ ಇಷ್ಟೇ ಎಂದು ಅಂದು ತಿಳಿಯಿತು. ಎದ್ದು ಹೋಗಿ ಗಡಿಗೆಯನ್ನು ಹೊರಗೆ ಬೋರಲು ಹಾಕಿದೆ. ಶಾಲೆ ಬಿಟ್ಟು, ಕೋಲೂರಿಕೊಂಡು ಚಾವಡಿಗೆ ಹೋದೆ.

ಗೌಡರು ಇದ್ದರು, ಹತ್ತಿಪ್ಪತ್ತು ಜನ ಇದ್ದರು. ಇಮಾಮಸಾಬರೂ ಇದ್ದರು. ನಾನು ನಿಂತೇ ಹೇಳಿದೆ. ಕಾಲು ಇಳಿಸಿದ್ದು, ಐದು ದಿನ ಇಳಿಸಿದ್ದು, ಹಾಲಿನಂಥದ್ದು ಹರಡಿದ್ದು, ಡಾಕ್ಟರರು ಹೇಳಿದ್ದು, ಅವರಿಗೆ ಸುಳ್ಳು ಹೇಳಿದ್ದು, ಹನ್ನೊಂದು ದಿನ ಬಾಯಿ ಮುಚ್ಚಿದ್ದು. ಎಳೆ ತಾನಾಗಿ ಹರಿಯಲಿಲ್ಲ, ನಾನು ಜಗ್ಗಿದೆ ಎಂದು ಇಮಾಮಸಾಬರಿಗೂ ಹೇಳಿದೆ.

ಒಬ್ಬ ಎದ್ದು ನಿಂತು ಕೂಗಿದ. "ನಮ್ಮ ಮಕ್ಕಳಿಗೆ ಹುಳಾ ಕುಡಿಸಿ ಈಗ ಹೇಳಾಕ ಬಂದೀರೇನು?"

ಹೊಡೆದರೆ ಹೊಡೆಯಲಿ ಎಂದು ನಿಂತೆ. ಆಗ ಗೌಡರು ಕೆಮ್ಮಿದರು.

"ಕುಂದರಪಾ ನೀ. ನನಗ ನಾರು ಆದಾಗ ನಾನೂ ಇಳಿಸೇನಿ. ನಮ್ಮಪ್ಪನೂ ಇಳಿಸ್ಯಾನ. ನೀ ಹೋದ ವರ್ಷ ಇಳಿಸಿಲ್ಲೇನು?"

ಕೂಗಿದವನು ಕುಳಿತ. ಒಬ್ಬೊಬ್ಬರಾಗಿ, ತಾನೂ ಇಳಿಸಿದ್ದೆ, ತನ್ನ ಹೆಂಡತಿಯೂ ಇಳಿಸಿದ್ದಳು ಎನ್ನತೊಡಗಿದರು. ಎಲ್ಲರೂ ಯಾರೂ ಇಲ್ಲದ ಹೊತ್ತು ನೋಡಿಯೇ ಇಳಿಸಿದ್ದರು. ಅಂಗಳದ ಅಂಚಿನಲ್ಲಿ ಕೆಳಗೇರಿಯ ದುರಗವ್ವ ಸೌದೆಯ ಹೊರೆ ಇಳಿಸಿ ನಿಂತಿದ್ದಳು. ಮಾತು ನಿಂತ ಹೊತ್ತಿನಲ್ಲಿ ಅವಳು ದೊಡ್ಡ ದನಿಯಲ್ಲೇನೂ ಅಲ್ಲ, ಸುಮ್ಮನೆ ಹೇಳಿದಳು.

"ನಾವು ಒಂದ ದಿನಾನೂ ಇಳದಿಲ್ರಿ."

ಮುಟ್ಟಿದರೆ ನೀರು ಕೆಡುತ್ತದೆ ಎಂದು ಅವರನ್ನು ಮೇಲೆ ನಿಲ್ಲಿಸಿ, ಕೆಡಿಸಿದವರೆಲ್ಲ ಕೆಳಗಿಳಿದವರೇ ಆಗಿದ್ದರು. ಅವಳ ಮಾತಿಗೆ ಊರು ಅಂದೇ ಸರಿಯಾದ ಉತ್ತರ ಕೊಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೊಡಲಿಲ್ಲ. ಆದರೆ ಮೈಲಿಗೆ ಎಂಬ ಶಬ್ದವನ್ನು ಅಂದಿನಿಂದ ನಾನು ಮೊದಲಿನ ಅರ್ಥದಲ್ಲಿ ಆಡಲಾರದವನಾದೆ, ಆಡುವವರ ಎದುರಿಗೆ ಸುಮ್ಮನೆ ಕೂರುವುದನ್ನೂ ಬಿಟ್ಟೆ.

ಕೊನೆಗೆ ಇಮಾಮಸಾಬರು ಗಂಟಲು ಸರಿಮಾಡಿಕೊಂಡರು. "ನಲವತ್ತ ವರ್ಷ ಆತು. ಈ ಊರಾಗ ಎಲ್ಲಾರ ಮನ್ಯಾಗೂ ನಾರು ಸುತ್ತೇನಿ. ಪದ್ಮವ್ವಾರ ಹೊಸ್ತಿಲಾ ಒಂದ ದಾಟಿಲ್ಲ. ಯಾಕಂತ ನಾನೂ ವಿಚಾರ ಮಾಡಿರಲಿಲ್ಲ."

ನಾನು ಹನ್ನೊಂದು ದಿನ ಬಡಕೊಂಡರೂ ಆಗದ ಕೆಲಸ ಆ ಮಾತಿನಿಂದ ಆಯಿತು. ವಾರದೊಳಗೆ ಮೆಟ್ಟಿಲ ಬಾಯಿಗೆ ಜಾಲಿಮುಳ್ಳು ಕಟ್ಟಿದರು, ಮೇಲೆ ರಾಟಿ ಕೂರಿಸಿದರು. ಕೆಳಗೇರಿಗೂ ಸುರಿಯುವ ನೀರನ್ನು ಸೋಸಿಯೇ ಸುರಿಯತೊಡಗಿದರು. ಪದ್ಮವ್ವನ ಅಂಗಳದಲ್ಲಿ ಹೆಂಗಸರು ಬಟ್ಟೆ ಮಡಿಕೆ ಮಾಡುವುದನ್ನು ಕಲಿಯಲು ಕೂಡಿದರು. ಬಟ್ಟೆಗೆ ಹತ್ತಿದ್ದನ್ನು ಬಿಸಿಲಿಗೆ ಚೆಲ್ಲಿಬಿಡಬೇಕು ಎಂದು ನಾನು ಡಾಕ್ಟರರ ಮಾತು ಹೇಳಿದೆ. ಪದ್ಮವ್ವ ಒಪ್ಪಲಿಲ್ಲ. "ಅವಕ್ಕೂ ತ್ರಾಸ ಆಗಬಾರದಂತ ಸೋಸಾಕತ್ತಿದ್ದು ಮಾಸ್ತರ. ಕೊಲ್ಲಾಕ ಅಲ್ಲ." ಉಳಿದವರು ಬಿಸಿಲಿಗೆ ಚೆಲ್ಲಿದರು, ಪದ್ಮವ್ವ ಹಗ್ಗ ಕಟ್ಟಿದ ಕೊಡದಲ್ಲಿಟ್ಟು ಬಾವಿಗೆ ಇಳಿಸಿದರು. ಯಾರು ಸರಿ ಎಂದು ನನ್ನನ್ನು ಕೇಳಬೇಡಿ. ಕಾಣದ ಜೀವಕ್ಕೆ ನೋವಾಗಬಾರದು ಎಂದು, ಯಾವ ಲಾಭವನ್ನೂ ಎಣಿಸದೆ, ತಲೆತಲಾಂತರದಿಂದ ನಲವತ್ತು ಮೆಟ್ಟಿಲು ಹತ್ತಿ ಇಳಿದವರ ಮನೆಯನ್ನು ಆ ರೋಗ ಹೊಗಲಿಲ್ಲ. ದುರ್ಬೀನಿಲ್ಲದೆ ಪದ್ಮವ್ವ ನಂಬಿದ್ದನ್ನು ನಾನು ದುರ್ಬೀನಿನಲ್ಲಿ ಕಂಡೂ ಹನ್ನೊಂದು ದಿನ ಅಡಗಿಸಿದೆ. ತಿಳಿವಳಿಕೆ ಎಂದರೆ ಏನು ಎಂದು ಮಕ್ಕಳು ಕೇಳಿದಾಗ ನಾನು ಈಗಲೂ ತಡವರಿಸುತ್ತೇನೆ.

ಆದರೆ ಒಳಗೆ ಹೋದದ್ದು ಹೋಗಿತ್ತು. ವರ್ಷವಿಡೀ ಕಾಶಿಯ ಕಾಲುಗಳನ್ನು ನೋಡಿದೆ. ಜಡೆ ಹಾಕಿಸಿಕೊಳ್ಳುವಾಗ, ಊಟಕ್ಕೆ ಕುಳಿತಾಗ, ನಿದ್ದೆ ಹೋದಾಗ. ಮುಂದಿನ ಬೇಸಿಗೆಯಲ್ಲಿ ಶಾಲೆಯ ಏಳು ಮಕ್ಕಳಿಗೆ ನಾರು ಕಂಡಿತು. ಎಂಟನೆಯವಳು ಕಾಶಿ, ಬಲಗಾಲಿನ ಪಾದದ ಮೇಲೆ. ಎಲ್ಲವೂ ನನ್ನ ಕಾಲಿನಿಂದಲೇ ಬಂದವೆಂದು ಯಾರೂ ಹೇಳಲಾರರು. ಅಲ್ಲವೆಂದೂ ಹೇಳಲಾರರು. ನೀಲವ್ವ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ನೀರು ಕಾಯಿಸಿ ಆರಿಸಿ ತಂದಿಟ್ಟಳು.

ಇಮಾಮಸಾಬರಿಗೆ ಆ ವರ್ಷ ಕಣ್ಣು ಸ್ವಲ್ಪ ಮಂದವಾಗಿತ್ತು. ನನಗೆ ಕಲಿಸಿರಿ ಎಂದು ಕೇಳಿಕೊಂಡೆ. ಜಗ್ಗಿ ಹರಿದವನಿಗೆ ಕಲಿಸುವುದು ಅವರಿಗೆ ಕಷ್ಟವಾಗಿರಬೇಕು. ಆದರೂ ನನ್ನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ಕಲಿಸಿದರು. ದಿನ ಬೆಳಗಾದರೆ ಆ ಏಳು ಮಕ್ಕಳ ಮನೆಗೆ ಹೋಗಿ ಬಂದು, ಕೊನೆಗೆ ಮಗಳ ಕಾಲು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಒಳಗಿನ ಆ ಜೀವ ಬಿಗಿ ಹಿಡಿಯುವುದು, ಸಡಿಲ ಬಿಡುವುದು ನಿಧಾನವಾಗಿ ಬೆರಳಿಗೆ ತಿಳಿಯತೊಡಗಿತು. ಅದರ ಮೇಲೆ ಸಿಟ್ಟು ಬರಲಿಲ್ಲ. ಅದೂ ತನ್ನ ಮರಿಗಳಿಗೆ ನೀರು ಹುಡುಕುತ್ತಿತ್ತು.

ಹತ್ತೊಂಬತ್ತನೆಯ ದಿನ ಎಳೆ ಮುಕ್ಕಾಲು ಮೊಳ ಬಂದಿತ್ತು. ಇಮಾಮಸಾಬರು ಪಕ್ಕದಲ್ಲಿದ್ದರು. ಕಾಶಿ ಗೋಡೆಗೆ ಒರಗಿ ಕುಳಿತಿದ್ದವಳು ಕೇಳಿದಳು.

"ಅಪ್ಪಾ, ಇದು ನಿನ್ನ ಕಾಲಾಗಿಂದ ಬಂದದ್ದಂತ. ಸಾಲ್ಯಾಗ ಅಂತಾರ. ಖರೇನ?"

ಸುತ್ತುವುದನ್ನು ನಿಲ್ಲಿಸಿದೆ. ಚಾವಡಿಯಲ್ಲಿ ಇಪ್ಪತ್ತು ಜನರ ಎದುರು ಹೇಳಿದ್ದು ಇದಕ್ಕಿಂತ ಸುಲಭವಿತ್ತು.

"ಖರೇ ಅದವ್ವಾ. ನನ್ನದ ಇರಬೇಕು. ಬಾವ್ಯಾಗ ಕಾಲು ಇಳಿಸಿದ್ದೆ. ತಪ್ಪಂತ ಗೊತ್ತಾದ ಮ್ಯಾಲೂ ಹೇಳಲಾರದ ಸುಮ್ಮನ ಕುಂತಿದ್ದೆ. ನೀ ಸಾಲ್ಯಾಗ ನೀರು ಕುಡಿಯೂ ಮುಂದ ನಾ ಅಲ್ಲೇ ಇದ್ದೆ."

ಅವಳು ತನ್ನ ಕಾಲಿನ ಎಳೆಯನ್ನು ನೋಡಿದಳು. ಆಮೇಲೆ ನನ್ನ ಎಡಗಾಲಿನ ಹರಡಿನ ಮೇಲಿದ್ದ ಗಾಯದ ಗುರುತನ್ನು ಬಗ್ಗಿ ನೋಡಿದಳು. ಬೆರಳಿನಿಂದ ಅದನ್ನು ಮುಟ್ಟಿದಳು.

"ಆವಾಗ ನಿನಗ ಭಾಳ ಉರೀತಿತ್ತೇನಪಾ?"

ಕೈಯಲ್ಲಿ ಕಡ್ಡಿ ಇರುವುದನ್ನು ಮರೆತು ನಾನು ಅವಳ ಕಡೆ ಬಾಗಿದೆ. ಎಳೆ ಹರಿದೀತೆಂದು ಇಮಾಮಸಾಬರು ಮಾತಿಲ್ಲದೆ ಕೈ ಚಾಚಿ, ಕಡ್ಡಿಯನ್ನು ನನ್ನ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡರು.